ಕೆಂಪು ಚಿಪ್ ಎಲ್ಲಿದೆ? ಜನಪ್ರಿಯ ವಿಜ್ಞಾನ ಕಥೆಗಳಲ್ಲಿ ಒಳಿತು ಕೆಡುಕು

(ಸಿಂದಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿಯನ್ನು ಇಟ್ಟವರು ವಿಷಯದ ಆಯ್ಕೆಯನ್ನು ಉಪನ್ಯಾಸಕರಿಗೇ ಬಿಟ್ಟಿದ್ದಾರೆ. ನಾನು ಆರಿಸಿಕೊಂಡದ್ದು ಈ ಊರಿಗೆ ದೂರದ ವಿಷಯವೆಂದು ಕೆಲವರಿಗೆ ಅನಿಸಬಹುದು. ಆದ್ದರಿಂದ ನೀವೆಲ್ಲ ನೋಡಿರುವ ಒಂದು ಸಿನಿಮಾದಿಂದ ಶುರು ಮಾಡುತ್ತೇನೆ.

2010ರಲ್ಲಿ ಶಂಕರ್ ನಿರ್ದೇಶನದ 'ಎಂದಿರನ್' ಬಂತು. ಹಿಂದಿಯಲ್ಲಿ ಅದೇ 'ರೋಬೋಟ್' ಆಗಿ ಟಿವಿಯಲ್ಲಿ ಮತ್ತೆ ಮತ್ತೆ ಬಂದು ನಮ್ಮ ಹಳ್ಳಿಗಳ ಮಕ್ಕಳಿಗೂ ಬಾಯಿಪಾಠವಾಯಿತು. ವಿಜ್ಞಾನಿ ವಸೀಗರನ್ ಚಿಟ್ಟಿ ಎಂಬ ಯಂತ್ರಮಾನವನನ್ನು ಮಾಡುತ್ತಾನೆ. ಅದಕ್ಕೆ ಬಲವಿದೆ, ಲೆಕ್ಕವಿದೆ, ಆದರೆ ಒಳಿತು ಕೆಡುಕಿನ ವಿವೇಚನೆ ಇಲ್ಲ ಎಂದು ಪರೀಕ್ಷೆ ಮಾಡಿದವರು ಒಪ್ಪಿಗೆ ಕೊಡುವುದಿಲ್ಲ. ವಿಜ್ಞಾನಿ ಅದಕ್ಕೆ ಭಾವನೆಗಳನ್ನು ಕಲಿಸುತ್ತಾನೆ. ಭಾವನೆ ಬಂದ ಮೇಲೆ ಚಿಟ್ಟಿ ತನ್ನನ್ನು ಮಾಡಿದವನ ಪ್ರೇಯಸಿಯನ್ನೇ ಬಯಸುತ್ತದೆ. ಸಿಟ್ಟಿಗೆದ್ದ ವಸೀಗರನ್ ಅದನ್ನು ಕಡಿದು ಚೂರು ಮಾಡಿ ಎಸೆಯುತ್ತಾನೆ. ಡಾಕ್ಟರ್ ಬೋರಾ ಆ ಚೂರುಗಳನ್ನು ಕೂಡಿಸಿ ಒಳಗೊಂದು ಕೆಂಪು ಚಿಪ್ ಇಡುತ್ತಾನೆ. ಅಲ್ಲಿಂದ ಕೊಲೆಗಳು. ಚಿಪ್ ತೆಗೆದ ಕೂಡಲೆ ಚಿಟ್ಟಿ ಮತ್ತೆ ಮೊದಲಿನ ಒಳ್ಳೆಯ ಚಿಟ್ಟಿ.

ಆ ಕೆಡುಕು ಎಲ್ಲಿತ್ತು? ಚಿಪ್‌ನಲ್ಲಿತ್ತೆ? ಹಾಗಿದ್ದರೆ ಚಿಪ್ ಇಡುವ ಮೊದಲೇ ಚಿಟ್ಟಿಯೊಳಗೆ ಕುದಿಯುತ್ತಿದ್ದ ಬಯಕೆ ಏನು? ತಾನು ಸೃಷ್ಟಿಸಿದ್ದನ್ನು ಕಡಿದು ಕಸದ ರಾಶಿಗೆ ಎಸೆದ ವಸೀಗರನ್‌ನ ಸಿಟ್ಟು ಏನು? ಅವನ ತಲೆಯಲ್ಲಿ ಯಾರೂ ಚಿಪ್ ಇಟ್ಟಿರಲಿಲ್ಲ. ಚಿತ್ರ ಈ ಪ್ರಶ್ನೆಗಳ ಹೊಸ್ತಿಲ ತನಕ ಬಂದು, ಕೆಂಪು ಚಿಪ್ ತೋರಿಸಿ, ನಮ್ಮನ್ನು ಸುರಕ್ಷಿತವಾಗಿ ಮನೆಗೆ ಕಳಿಸುತ್ತದೆ. ನನ್ನ ಇಂದಿನ ಮಾತೆಲ್ಲ ಆ ಹೊಸ್ತಿಲನ್ನು ದಾಟುವ ಪ್ರಯತ್ನ.

ಈ ಪ್ರಶ್ನೆಯನ್ನು ತನ್ನ ಮೈಮೇಲೆ ಎಳೆದುಕೊಂಡು ಕೇಳಿದ ಒಬ್ಬ ಮನುಷ್ಯ ಕ್ರಿಸ್ತಶಕ 354ರಲ್ಲಿ ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಇಂದು ಆ ನೆಲ ಅಲ್ಜೀರಿಯಾ. ಹೆಸರು ಅಗಸ್ಟೀನ್. ಹರೆಯದಲ್ಲಿ ಅವನು ಸುಮಾರು ಒಂಬತ್ತು ವರ್ಷ ಮಾನಿ ಎಂಬ ಪರ್ಷಿಯನ್ ಪ್ರವಾದಿಯ ಪಂಥದ ಅನುಯಾಯಿಯಾಗಿದ್ದ. ಬೆಳಕಿನ ರಾಜ್ಯ, ಕತ್ತಲೆಯ ರಾಜ್ಯ ಎಂದು ಎರಡು ಅನಾದಿ ರಾಜ್ಯಗಳಿವೆ, ಅವುಗಳ ಯುದ್ಧಭೂಮಿಯೇ ಮನುಷ್ಯ ಎಂಬುದು ಆ ಪಂಥದ ನಂಬಿಕೆ. ಅದು ತನಗೆ ಏಕೆ ಹಿತವಾಗಿತ್ತು ಎಂಬುದನ್ನು ಅಗಸ್ಟೀನ್ ಮುಂದೆ ತನ್ನ ಆತ್ಮನಿವೇದನೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದ. ಪಾಪ ಮಾಡುವವನು ತಾನಲ್ಲ, ತನ್ನೊಳಗೆ ಸೇರಿಕೊಂಡ ಬೇರೆ ಯಾವುದೋ ಸ್ವಭಾವ ಎಂದು ಹೇಳಿಕೊಳ್ಳುವುದು ಅವನ ಅಹಂಕಾರಕ್ಕೆ ಒಗ್ಗಿತ್ತು. ಕೆಂಪು ಚಿಪ್‌ನ ಸಿದ್ಧಾಂತ ಇದೇ.

ಅದನ್ನು ಒಡೆದದ್ದು ಒಂದು ಸಣ್ಣ ನೆನಪು. ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಪಕ್ಕದವರ ಪೇರ್ ಮರ ಬೋಳು ಮಾಡಿದ್ದ. ಹಸಿವು ಇರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣುಗಳಿದ್ದವು. ಕಿತ್ತ ಹಣ್ಣುಗಳಲ್ಲಿ ಬಹುಪಾಲು ಹಂದಿಗಳಿಗೆ ಎಸೆದರು. ಕದಿಯುವ ಸುಖಕ್ಕಾಗಿ ಕದ್ದದ್ದು, ಅದೂ ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ. ಈ ಕಳ್ಳತನದ ಮೇಲೆ ಅವನು ಪುಟಗಟ್ಟಲೆ ಬರೆದಿದ್ದಾನೆ. ಇಷ್ಟು ಸಣ್ಣದಕ್ಕೆ ಇಷ್ಟೊಂದು ಮಾತೇಕೆ ಎಂದು ಓದುಗರು ಕೇಳುತ್ತಾ ಬಂದಿದ್ದಾರೆ. ಸಣ್ಣದಾದ್ದರಿಂದಲೇ ಅದು ಬೇಕಾಗಿತ್ತು ಎಂದು ನನಗನಿಸುತ್ತದೆ. ದೊಡ್ಡ ಅಪರಾಧಕ್ಕೆ ಹೊಟ್ಟೆಪಾಡು, ಹಗೆ, ಭಯ ಎಂಬ ಕಾರಣಗಳು ಅಂಟಿಕೊಂಡಿರುತ್ತವೆ. ಅವೆಲ್ಲ ಕಳಚಿದ ಮೇಲೆ ಉಳಿಯುವುದು ಏನು ಎಂದು ನೋಡಲು ಅವನಿಗೆ ಆ ಹಣ್ಣಿನ ಮರ ಬೇಕಾಯಿತು.

ಕೊನೆಗೆ ಅವನು ಮುಟ್ಟಿದ ನಿಲುವು ಇದು: ದೇವರು ಸೃಷ್ಟಿಸಿದ್ದೆಲ್ಲ ಒಳ್ಳೆಯದು. ಕೆಡುಕಿಗೆ ತನ್ನದೇ ಆದ ಅಸ್ತಿತ್ವವಿಲ್ಲ. ಒಳ್ಳೆಯದರಲ್ಲಿ ಬಿದ್ದ ಕೊರೆಯೇ ಅದು. ನಮ್ಮ ಜೋಳಕ್ಕೆ ಬೀಳುವ ಕಾಡಿಗೆ ರೋಗವನ್ನು ನೋಡಿ. ತೆನೆಯಲ್ಲಿ ಕಾಳು ಕೂಡುವ ಜಾಗದಲ್ಲಿ, ಕಾಳಿನದೇ ಆಕಾರದಲ್ಲಿ, ಕರಿಯ ಪುಡಿ ತುಂಬಿಕೊಳ್ಳುತ್ತದೆ. ಜೋಳವೇ ಇಲ್ಲದಿದ್ದರೆ ಆ ಕಾಡಿಗೆಗೆ ನಿಲ್ಲಲು ನೆಲೆಯಿಲ್ಲ. ಅಗಸ್ಟೀನ್ 387ರಲ್ಲಿ ಮಿಲಾನ್‌ನಲ್ಲಿ ದೀಕ್ಷಾಸ್ನಾನ ಪಡೆದ, ಮುಂದೆ ಹಿಪ್ಪೋ ನಗರದ ಬಿಷಪ್ ಆದ, 430ರಲ್ಲಿ ವ್ಯಾಂಡಲ್ ಸೈನ್ಯ ಆ ನಗರವನ್ನು ಸುತ್ತುಗಟ್ಟಿದ್ದಾಗ ತೀರಿಕೊಂಡ. ಸಾಮ್ರಾಜ್ಯವೊಂದು ಕುಸಿಯುವುದನ್ನು ಕಣ್ಣಾರೆ ಕಂಡವನ ಮಾತು ಇದು. ಕೆಡುಕನ್ನು ಕೊರೆ ಎಂದವನು ಅದನ್ನು ಸಣ್ಣದೆಂದು ತಿಳಿದಿರಲಿಲ್ಲ.

ಇಂಥ ಮಾತನ್ನು ಸಿಂದಗಿಯಲ್ಲಿ ಆಡಲು ನನಗೆ ಎರಡು ಕಾರಣಗಳಿವೆ.

ಮುದ್ದೇಬಿಹಾಳದಿಂದ ತಾಳಿಕೋಟಿ ದಾಟಿ ಮೂಡಲಿಗೆ ಹೋದರೆ ಕೊಡೇಕಲ್ಲು ಸಿಗುತ್ತದೆ. 16ನೆಯ ಶತಮಾನದ ಕೊಡೇಕಲ್ಲ ಬಸವಣ್ಣನ ನೆಲೆ. ಅವನ ಪರಂಪರೆಯ ಕಾಲಜ್ಞಾನ ಸಾಹಿತ್ಯ ಮುಂದೆ ಬರುವ ಕಾಲವನ್ನು ಹೇಳುತ್ತದೆ: ರಾಜ್ಯಗಳು ಬೀಳುವುದು, ಕೆಟ್ಟವರು ಅಳಿಯುವುದು, ಒಳ್ಳೆಯವರ ಆಳಿಕೆ ಬರುವುದು. ಭವಿಷ್ಯವನ್ನು ಕಥೆಯಾಗಿ ಕಟ್ಟಿ ಅದರಲ್ಲಿ ಒಳಿತು ಕೆಡುಕಿನ ತೀರ್ಪು ಕೊಡುವುದು ವಿಜ್ಞಾನ ಕಥೆಯ ಕೆಲಸವಾದರೆ, ಆ ಆಸೆ ಈ ನೆಲಕ್ಕೆ ಹೊಸದಲ್ಲ. ಈ ಕಾಲಜ್ಞಾನಕ್ಕೂ ಕ್ರೈಸ್ತ ಧರ್ಮಕ್ಕೂ ಒಂದು ನಿಜವಾದ ಭೇಟಿ ನಡೆದಿದೆ. 1840ರ ಸುಮಾರಿಗೆ ಹುಬ್ಬಳ್ಳಿ, ಗದಗ ಸೀಮೆಯಲ್ಲಿ ಕಾಲಜ್ಞಾನ ಪಂಥದ ಕೆಲವರು, ತಮ್ಮ ಗ್ರಂಥಗಳು ಹೇಳಿದ 'ಬರುವವರು' ಇವರೇ ಇರಬಹುದೆಂದು ಬಾಸೆಲ್ ಮಿಶನ್ನಿನ ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ಬೆಟಗೇರಿ ಹತ್ತಿರದ ಮಲಸಮುದ್ರದಲ್ಲಿ ಅವರಿಗಾಗಿ ಒಂದು ಒಕ್ಕಲುತನದ ನೆಲೆಯನ್ನೂ ಮಿಶನ್ ಕಟ್ಟಿತು. ಅದು ನಿಲ್ಲಲಿಲ್ಲ. ಬಂದವರು ಎದುರು ನೋಡುತ್ತಿದ್ದದ್ದು ಜಗತ್ತು ಬದಲಾಗುವ ಗಳಿಗೆಯನ್ನು; ಪಾದ್ರಿಗಳು ಕೇಳಿದ್ದು ಬಂದವರೇ ಬದಲಾಗುವುದನ್ನು. ಆ ಸೋತ ಪ್ರಯೋಗದಲ್ಲಿ ಎರಡು ರೀತಿಯ ಭವಿಷ್ಯಗಳು ಎದುರುಬದುರಾಗಿದ್ದವು ಎಂದು ನಾನು ಓದುತ್ತೇನೆ. ಕೆಟ್ಟವರು ಹೊರಗಿದ್ದಾರೆ, ಅವರು ಅಳಿದರೆ ಸಾಕು ಎಂಬುದು ಒಂದು. ಕೆಟ್ಟದ್ದು ನನ್ನಲ್ಲೂ ಇದೆ ಎಂಬುದು ಇನ್ನೊಂದು. ವಿಜ್ಞಾನ ಕಥೆಗಳೂ ಈ ಎರಡರ ನಡುವೆಯೇ ಓಡಾಡುತ್ತವೆ.

ಎರಡನೆಯ ಕಾರಣ ಯೇಸುಸಭೆ, ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘ. ಆ ಸಭೆಯ ಪಾದ್ರಿಗಳು 'ಸಂಗಮ' ಎಂಬ ಹೆಸರಿನಲ್ಲಿ ಈ ಸಿಂದಗಿಯ ಹಳ್ಳಿಗಳ ಜನರ ನಡುವೆ ಕೆಲಸ ಮಾಡುವುದು ನಿಮಗೆ ಗೊತ್ತು. ಇದೇ ಸಭೆಯ ಪಾದ್ರಿ ಪಶ್ಚಿಮದ ವಿಜ್ಞಾನ ಕಥೆಯ ಬಹುದೊಡ್ಡ ಪಾತ್ರ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಜೇಮ್ಸ್ ಬ್ಲಿಶ್‌ನ ಕಾದಂಬರಿಯಲ್ಲಿ, ಆರ್ಥರ್ ಕ್ಲಾರ್ಕ್‌ನ ಸಣ್ಣಕಥೆಯಲ್ಲಿ, ಮೇರಿ ಡೋರಿಯಾ ರಸಲ್ 1996ರಲ್ಲಿ ಬರೆದ 'ದಿ ಸ್ಪ್ಯಾರೋ'ದಲ್ಲಿ ಬೇರೆ ಲೋಕಕ್ಕೆ ಹೋಗುವವರು ಯೇಸುಸಭೆಯವರು. ಇದು ಬರೀ ಕಲ್ಪನೆಯಿಂದ ಬಂದದ್ದಲ್ಲ. ವ್ಯಾಟಿಕನ್ನಿನ ಖಗೋಳ ವೀಕ್ಷಣಾಲಯವನ್ನು ನಡೆಸುವವರು ಇವರೇ. ದೂರದರ್ಶಕ, ಧರ್ಮಶಾಸ್ತ್ರ ಎರಡನ್ನೂ ಬಲ್ಲವನನ್ನು ನಕ್ಷತ್ರಗಳ ನಡುವೆ ನಿಲ್ಲಿಸಿದರೆ ಅವನ ನಂಬಿಕೆ ಏನಾಗುತ್ತದೆ ಎಂದು ನೋಡುವ ಆಸೆ ಲೇಖಕರಿಗೆ.

ಮೊದಲ ವಿಜ್ಞಾನ ಕಾದಂಬರಿ ಎಂದು ಹಲವರು ಕರೆಯುವ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' 1818ರಲ್ಲಿ ಬಂತು. ಅದರ ಮೇಲೆ ಬೇಕಾದಷ್ಟು ಚರ್ಚೆ ಆಗಿದೆ. ನಾನು ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಅದರ ನಾಯಕ ವಿಕ್ಟರ್ ಸೃಷ್ಟಿಸಿದ ಜೀವಿ ಹುಟ್ಟುವಾಗ ಕೆಟ್ಟದಾಗಿರಲಿಲ್ಲ. ಕಣ್ಣು ತೆರೆದ ಗಳಿಗೆಯಲ್ಲಿ ಅದರ ತಂದೆ ಹೆದರಿ ಓಡಿಹೋದ. ಅದು ಮಿಲ್ಟನ್‌ನ ಕಾವ್ಯವನ್ನು ಓದಿ, ತಾನು ಆದಾಮನಾಗಬೇಕಿತ್ತು, ಬಿದ್ದ ದೇವದೂತನಾದೆ ಎಂದು ತಂದೆಯ ಮುಂದೆ ನಿಂತು ಅಳುತ್ತದೆ. ಸಿಗಬೇಕಾದ ಪ್ರೀತಿ ಸಿಗದ ಜಾಗದಲ್ಲಿ ಕೊಲೆ ಬೆಳೆಯಿತು. ಆಮೇಲೆ ಬಂದ ಸಿನಿಮಾಗಳು ಆ ಜೀವಿಗೆ ಅಪರಾಧಿಯ ಮಿದುಳನ್ನು ತಪ್ಪಿ ಜೋಡಿಸಿದರು ಎಂದು ಕಥೆಯನ್ನು ತಿದ್ದಿದವು. ಶೆಲ್ಲಿಯ ಪುಸ್ತಕದಲ್ಲಿ ಅಂಥ ಮಿದುಳಿಲ್ಲ. ಕೆಂಪು ಚಿಪ್ ಹುಟ್ಟಿದ್ದು ಆ ತಿದ್ದುಪಡಿಯಲ್ಲಿ.

'ಸ್ಟಾರ್ ವಾರ್ಸ್' ಬೇರೆ ರೀತಿಯಲ್ಲಿ ಕುತೂಹಲದ್ದು. 1977ರಿಂದ ಜಾರ್ಜ್ ಲೂಕಾಸ್ ಕಟ್ಟಿದ ಆ ಜಗತ್ತಿನಲ್ಲಿ 'ಫೋರ್ಸ್' ಎಂಬ ಶಕ್ತಿ ಇದೆ, ಅದಕ್ಕೊಂದು ಕತ್ತಲೆಯ ಮಗ್ಗುಲಿದೆ. 1999ರ ಚಿತ್ರದಲ್ಲಿ ಆ ಶಕ್ತಿಗೆ ಸಮತೋಲ ತರುವವನೊಬ್ಬ ಬರುತ್ತಾನೆಂಬ ಭವಿಷ್ಯವಾಣಿಯೂ ಸೇರಿಕೊಂಡಿತು. ಬೆಳಕು ಕತ್ತಲೆ ಎರಡೂ ಸಮವಾಗಿರಬೇಕು ಎಂದು ಅದನ್ನು ಅರ್ಥ ಮಾಡಿಕೊಂಡರೆ ಅದು ಮಾನಿಯ ಮಾತನ್ನೂ ಮೀರಿದ್ದು. ಮಾನಿಗೂ ಬೆಳಕು ಗೆಲ್ಲಬೇಕಿತ್ತು. ಆದರೆ ಅದೇ ಸರಣಿಯ 1983ರ ಚಿತ್ರದ ಕೊನೆ ಈ ತತ್ವಕ್ಕೆ ಬಗ್ಗುವುದಿಲ್ಲ. ಕಥೆಯ ನಾಯಕ ಲ್ಯೂಕ್‌ನ ಎದುರು ಬಿದ್ದಿರುವವನು ಅವನ ತಂದೆ ಡಾರ್ತ್ ವೇಡರ್, ಎಷ್ಟೋ ಕೊಲೆಗಳ ಹೊಣೆಗಾರ. ಕೊಲ್ಲು ಎಂದು ಚಕ್ರವರ್ತಿ ಹುರಿದುಂಬಿಸುತ್ತಾನೆ. ಲ್ಯೂಕ್ ಆಯುಧವನ್ನು ಎಸೆದುಬಿಡುತ್ತಾನೆ. ತಂದೆಯಲ್ಲಿ ಇನ್ನೂ ಒಳ್ಳೆಯದು ಉಳಿದಿದೆ ಎಂಬ ಅವನ ನಂಬಿಕೆ ತತ್ವಶಾಸ್ತ್ರದ ಕಣ್ಣಿನಲ್ಲಿ ಪಕ್ಕಾ ಅಗಸ್ಟೀನನದು: ಪೂರ್ತಿ ಕೆಟ್ಟ ವಸ್ತು ಇರಲಾರದು, ಏಕೆಂದರೆ ಒಳ್ಳೆಯದೆಲ್ಲ ಹೋದ ಮೇಲೆ ಇರುವುದಕ್ಕೇ ಏನೂ ಉಳಿಯುವುದಿಲ್ಲ. ಆ ಚಿತ್ರಗಳು ಹೇಳುವ ತತ್ವಕ್ಕಿಂತ ಅವು ಕಟ್ಟಿದ ಕಥೆ ಆಳವಾಗಿದೆ.

ಬ್ಲಿಶ್‌ನ 'ಎ ಕೇಸ್ ಆಫ್ ಕಾನ್ಶನ್ಸ್' 1958ರದು. ಮರುವರ್ಷ ಹ್ಯೂಗೋ ಪ್ರಶಸ್ತಿ ಬಂತು. ಲಿಥಿಯಾ ಎಂಬ ಗ್ರಹಕ್ಕೆ ಹೋದ ನಾಲ್ವರ ತಂಡದಲ್ಲಿ ಒಬ್ಬ ಪಾದ್ರಿ ರೂಯಿಜ್ ಸಾಂಚೆಜ್. ಪೆರು ದೇಶದ ಜೀವವಿಜ್ಞಾನಿ, ಯೇಸುಸಭೆಯವನು. ಲಿಥಿಯಾದ ಹಲ್ಲಿಯಾಕಾರದ ಜನರಲ್ಲಿ ಕಳವಿಲ್ಲ, ಕೊಲೆಯಿಲ್ಲ, ಸುಳ್ಳಿಲ್ಲ. ಅವರಿಗೆ ದೇವರೂ ಇಲ್ಲ. ದೇವರಿಲ್ಲದೆ, ಹೋರಾಟವಿಲ್ಲದೆ, ಪಶ್ಚಾತ್ತಾಪವಿಲ್ಲದೆ ಪೂರ್ಣ ಸದಾಚಾರ. ಮೊದಲು ಬೆರಗಾದ ಪಾದ್ರಿಗೆ ಆಮೇಲೆ ಭಯ ಹುಟ್ಟುತ್ತದೆ. ದೇವರು ಬೇಡ, ಒಳ್ಳೆಯತನವೊಂದೇ ಸಾಕು ಎಂದು ಮನುಷ್ಯರನ್ನು ನಂಬಿಸಲು ಸೈತಾನನೇ ಈ ಗ್ರಹವನ್ನು ಸೃಷ್ಟಿಸಿದ್ದಾನೆ ಎಂದು ಅವನು ತೀರ್ಮಾನಿಸುತ್ತಾನೆ. ಅಲ್ಲಿಗೆ ಅವನೇ ಸಿಕ್ಕಿಬೀಳುತ್ತಾನೆ. ಸೈತಾನನಿಗೆ ಸೃಷ್ಟಿಸುವ ಶಕ್ತಿ ಇದೆ ಎಂದರೆ ಎರಡು ಸೃಷ್ಟಿಕರ್ತರು ಇದ್ದಂತಾಯಿತು. ಅದು ಮಾನಿಯ ಪಂಥ, ಧರ್ಮಸಭೆಯ ಕಣ್ಣಿನಲ್ಲಿ ಧರ್ಮದ್ರೋಹ. ಕಾದಂಬರಿಯ ಪೋಪ್ ಅವನನ್ನು ಕರೆಸಿ, ಇದನ್ನು ಸೈತಾನನ ಸೃಷ್ಟಿ ಎನ್ನುವ ಬದಲು ಅವನ ಮಾಯೆ ಎಂದು ಏಕೆ ನೋಡಲಿಲ್ಲ, ಏಕೆ ಉಚ್ಚಾಟನೆಯ ಪ್ರಾರ್ಥನೆ ಮಾಡಲಿಲ್ಲ ಎಂದು ಕೇಳುತ್ತಾನೆ.

ಅದೇ ತಂಡದಲ್ಲಿ ಕ್ಲೀವರ್ ಎಂಬ ಭೌತವಿಜ್ಞಾನಿಯೂ ಇದ್ದಾನೆ. ಲಿಥಿಯಾದಲ್ಲಿ ಲಿಥಿಯಂ ಹೇರಳ. ಆ ಗ್ರಹವನ್ನು ಬಾಂಬಿನ ಕಾರ್ಖಾನೆ ಮಾಡಬೇಕೆಂಬುದು ಅವನ ಹಟ. ಕಾದಂಬರಿಯ ಕೊನೆಯಲ್ಲಿ ಚಂದ್ರನ ಮೇಲಿಂದ ನೋಡುತ್ತಾ ಪಾದ್ರಿ ಉಚ್ಚಾಟನೆಯ ಮಂತ್ರ ಮುಗಿಸುವ ಹೊತ್ತಿಗೆ ಲಿಥಿಯಾ ಸಿಡಿದುಹೋಗುತ್ತದೆ. ಪ್ರಾರ್ಥನೆಯಿಂದಲೋ, ಕ್ಲೀವರ್‌ನ ಪ್ರಯೋಗ ಕೈತಪ್ಪಿದ್ದರಿಂದಲೋ, ಬ್ಲಿಶ್ ಹೇಳುವುದಿಲ್ಲ. ಈ ಅಸ್ಪಷ್ಟತೆಯನ್ನು ವಿಮರ್ಶಕರು ಬಹಳ ಮೆಚ್ಚಿದ್ದಾರೆ. ನನ್ನನ್ನು ಕಾಡುವುದು ಬೇರೆ. ಒಂದು ಇಡೀ ಜನಾಂಗ ಸುಟ್ಟುಹೋಯಿತು, ಮತ್ತು ಆ ಜನಾಂಗದಲ್ಲಿ ಕೆಡುಕನ್ನು ಹುಡುಕುತ್ತಿದ್ದ ಪಾದ್ರಿಗೆ ತನ್ನ ತಂಡದಲ್ಲೇ, ತನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಕ್ಲೀವರ್‌ನನ್ನು ತಡೆಯಲು ಆಗಲಿಲ್ಲ. ಇದನ್ನು ಓದುವಾಗ ಗೋವೆಯ ಇನ್‌ಕ್ವಿಸಿಷನ್ ನೆನಪಾಗದೆ ಇರದು. 1560ರಿಂದ 1812ರವರೆಗೆ, ನಡುವೆ ಕೆಲ ವರ್ಷ ಬಿಟ್ಟು, ಆ ಧರ್ಮವಿಚಾರಣೆ ನಡೆಯಿತು. ಬೇರೆಯವರ ಆತ್ಮದಲ್ಲಿ ಸೈತಾನನನ್ನು ಹುಡುಕಲು ಹೊರಟ ಧರ್ಮಸಭೆ ತನ್ನ ಕೈಯಲ್ಲಿದ್ದ ಬೆಂಕಿಯನ್ನು ನೋಡಿಕೊಳ್ಳಲಿಲ್ಲ. ಕ್ರೈಸ್ತ ಚಿಂತನೆಯ ಬೆಳಕಿನಲ್ಲಿ ಕಥೆಗಳನ್ನು ಓದುತ್ತೇನೆ ಎನ್ನುವವರು ಆ ಬೆಳಕನ್ನು ಮೊದಲು ಸಭೆಯ ಚರಿತ್ರೆಯ ಮೇಲೆ ಹಾಯಿಸಬೇಕು.

ಈಗ ನನಗೆ ಬಹಳ ಮುಖ್ಯವೆನಿಸುವ ಲೇಖಕನ ಬಳಿ ಬರುತ್ತೇನೆ. ಸಿ. ಎಸ್. ಲೂಯಿಸ್ 1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ, ನಾಸ್ತಿಕನಾಗಿದ್ದು ಮೂವತ್ತು ದಾಟಿದ ಮೇಲೆ ಕ್ರೈಸ್ತನಾದ. ಅವನ ಮೂರು ಬಾಹ್ಯಾಕಾಶ ಕಾದಂಬರಿಗಳು 1938, 1943, 1945ರಲ್ಲಿ ಬಂದವು. ಮೊದಲನೆಯದರಲ್ಲಿ ವೆಸ್ಟನ್ ಎಂಬ ಭೌತವಿಜ್ಞಾನಿ, ಡಿವೈನ್ ಎಂಬ ಹಣದಾಸೆಯವನು ಸೇರಿ ರಾನ್ಸಮ್ ಎಂಬ ಭಾಷಾ ವಿದ್ವಾಂಸನನ್ನು ಮಂಗಳ ಗ್ರಹಕ್ಕೆ ಹೊತ್ತೊಯ್ಯುತ್ತಾರೆ. ಅಲ್ಲಿ ಮೂರು ಜಾತಿಯ ಜೀವಿಗಳು ಒಂದನ್ನೊಂದು ತುಳಿಯದೆ ಬದುಕುತ್ತಿವೆ. ರಾನ್ಸಮ್‌ನಿಗೆ ಗೆಳೆಯನಾದ ಒಂದು ಜೀವಿಯನ್ನು ಭೂಮಿಯವರ ಬಂದೂಕು ಕೊಲ್ಲುತ್ತದೆ. ಅಲ್ಲಿಯ ಒಡೆಯನ ಮುಂದೆ ವೆಸ್ಟನ್ ತನ್ನ ಗುರಿ ಹೇಳುತ್ತಾನೆ: ಮನುಷ್ಯಕುಲ ಸಾಯಬಾರದು, ಅದಕ್ಕಾಗಿ ಒಂದಾದ ಮೇಲೊಂದು ಗ್ರಹವನ್ನು ಅಲ್ಲಿದ್ದವರನ್ನು ಕೊಂದಾದರೂ ಹಿಡಿಯಬೇಕು. ಬಂಗಾರಕ್ಕೆ ಬಂದ ಡಿವೈನ್‌ಗಿಂತ ಮನುಷ್ಯಕುಲದ ಮೇಲಿನ ಪ್ರೀತಿಯಿಂದ ಬಂದ ವೆಸ್ಟನ್‌ನನ್ನು ಲೂಯಿಸ್ ಹೆಚ್ಚು ಗಮನವಿಟ್ಟು ನೋಡುತ್ತಾನೆ. ಒಂದು ನಿಜವಾದ ಒಳಿತನ್ನು ಕಿತ್ತುಕೊಂಡು, ಉಳಿದೆಲ್ಲ ಒಳಿತುಗಳ ಮೇಲೆ ಅದನ್ನು ರಾಜನನ್ನಾಗಿ ಕೂರಿಸಿದ್ದೇ ವೆಸ್ಟನ್‌ನ ಕೆಡುಕು. ಮುಂದೊಂದು ಪ್ರಬಂಧದಲ್ಲಿ ಲೂಯಿಸ್, ಗ್ರಹಗಳ ನಡುವಿನ ಅಪಾರ ದೂರ ನಮ್ಮ ಸೋಂಕು ಹರಡದಂತೆ ದೇವರೇ ಹಾಕಿದ ತಡೆ ಇರಬಹುದು ಎಂಬ ಅರ್ಥದ ಮಾತು ಬರೆದ. ಸಾಮ್ರಾಜ್ಯದ ನೆರಳಿನಲ್ಲಿದ್ದ ಇಂಗ್ಲೆಂಡಿನಲ್ಲಿ ಕೂತು ಹೀಗೆ ಯೋಚಿಸಿದ್ದು ಸಾಮಾನ್ಯವಲ್ಲ.

ಲೂಯಿಸ್‌ನನ್ನು ಬಲವಾಗಿ ಎದುರಿಸಿದವನು ಆಮೇಲೆ ಭಾರತದವನೇ ಆದ. ಜೆ. ಬಿ. ಎಸ್. ಹಾಲ್ಡೇನ್, ತಳಿವಿಜ್ಞಾನದ ದೊಡ್ಡ ಹೆಸರು. 1957ರಲ್ಲಿ ಕಲ್ಕತ್ತೆಗೆ ಬಂದು, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ಕಣ್ಣುಮುಚ್ಚಿದವನು. ಲೂಯಿಸ್‌ನ ಕಾದಂಬರಿಗಳು ವಿಜ್ಞಾನಿಗಳನ್ನು ಸೈತಾನನ ಏಜೆಂಟರನ್ನಾಗಿ ಮಾಡಿವೆ ಎಂದು 1946ರಲ್ಲಿ ಅವನು ಖಾರವಾಗಿ ಬರೆದ. ಲೂಯಿಸ್ ಬರೆದ ಉತ್ತರ ಅವನು ಸತ್ತ ಮೇಲೆ ಪ್ರಕಟವಾಯಿತು. ಮೂರನೆಯ ಕಾದಂಬರಿಯಲ್ಲಿ ಬರುವ ಒಂದು ದುಷ್ಟ ಸಂಸ್ಥೆಯ ಬಣ್ಣ ಕಂಡು ಅದನ್ನು ಬಿಟ್ಟು ಹೊರಟು, ಅದಕ್ಕಾಗಿಯೇ ಕೊಲೆಯಾದವನು ಒಬ್ಬ ನಿಜವಾದ ರಸಾಯನವಿಜ್ಞಾನಿ ಎಂಬುದನ್ನು ಅಲ್ಲಿ ಅವನು ನೆನಪಿಸುತ್ತಾನೆ. ಈ ಜಗಳದಲ್ಲಿ ನನ್ನ ಮನಸ್ಸು ಪೂರ್ತಿ ಲೂಯಿಸ್‌ನ ಕಡೆಗಿಲ್ಲ. ಬಡತನ, ರೋಗಗಳನ್ನು ಯೋಜನೆಯಿಂದ ಎದುರಿಸಲೇಬೇಕಾದ ದೇಶದವರಾದ ನಮಗೆ, ಯೋಜನೆ ಎಂದರೆ ಬೆಚ್ಚುವ ಲೂಯಿಸ್‌ನ ಕೆಲವು ಪುಟಗಳು ಸಂಕುಚಿತವಾಗಿ ಕಾಣುತ್ತವೆ. ಹಾಲ್ಡೇನ್ ಕೇಳಿದ್ದರಲ್ಲಿ ನ್ಯಾಯವಿದೆ. ಆದರೆ ಸೋವಿಯತ್ ದೇಶದಲ್ಲಿ ಲೈಸೆಂಕೊ ತಳಿವಿಜ್ಞಾನವನ್ನೇ ಹೊಸಕಿಹಾಕುತ್ತಿದ್ದಾಗ, ವಾವಿಲೋವ್‌ನಂಥ ವಿಜ್ಞಾನಿ 1943ರಲ್ಲಿ ಸೆರೆಮನೆಯಲ್ಲಿ ಸತ್ತಾಗ, ಅದೇ ವಿಜ್ಞಾನದ ದಿಗ್ಗಜನಾದ ಹಾಲ್ಡೇನ್ ತನ್ನ ಕಮ್ಯುನಿಸ್ಟ್ ಪಕ್ಷದ ವಿರುದ್ಧ ದನಿ ಎತ್ತಲು ಬಹಳ ತಡ ಮಾಡಿದ. ಅವನು ಕೆಟ್ಟವನಾಗಿರಲಿಲ್ಲ, ಹೇಡಿಯಂತೂ ಅಲ್ಲವೇ ಅಲ್ಲ. ನಮ್ಮವರು ಎಂದುಕೊಂಡವರ ತಪ್ಪು ನಮ್ಮ ಕಣ್ಣಿಗೆ ಬೀಳುವುದು ತಡವಾಗುತ್ತದೆ.

ಮೂರನೆಯ ಕಾದಂಬರಿ ಇದನ್ನೇ ಹೇಳುತ್ತದೆ. ಅದರ ನಾಯಕ ಮಾರ್ಕ್ ಸ್ಟಡಕ್, ಸಣ್ಣ ಕಾಲೇಜೊಂದರ ತರುಣ ಸಮಾಜಶಾಸ್ತ್ರದ ಅಧ್ಯಾಪಕ. ಅವನಿಗೆ ಯಾರ ಮೇಲೂ ಹಗೆಯಿಲ್ಲ. ಅವನ ದಾಹ ಒಂದೇ: ಒಳಗಿನವರ ಗುಂಪಿನಲ್ಲಿ ತನಗೂ ಜಾಗ ಸಿಗಬೇಕು. ಆ ದುಷ್ಟ ಸಂಸ್ಥೆ ಅವನನ್ನು ಬರಮಾಡಿಕೊಳ್ಳುತ್ತದೆ, ಇಂದು ಒಳಗೆ ಅನಿಸುವಂತೆ, ನಾಳೆ ಹೊರಗೆ ಅನಿಸುವಂತೆ ಆಡಿಸುತ್ತದೆ. ಒಂದು ರಾತ್ರಿ ಅವನಿಗೆ ಒಂದು ಕೆಲಸ ಬರುತ್ತದೆ. ಊರಿನಲ್ಲಿ ಇನ್ನೂ ನಡೆಯದ, ಸಂಸ್ಥೆಯೇ ನಡೆಸಲಿರುವ ಗಲಭೆಯ ಬಗ್ಗೆ ಪತ್ರಿಕೆಗಳಿಗೆ ಮುಂಚಿತವಾಗಿ ವರದಿ ಬರೆಯಬೇಕು. ಗೆಳೆಯರ ನಗು, ಹರಟೆಯ ನಡುವೆ ಅವನು ಬರೆದುಕೊಡುತ್ತಾನೆ. ಅವನು ತಿಳಿದೂ ಮಾಡಿದ ಮೊದಲ ಅಪರಾಧ ಅದು, ಆದರೆ ಅದನ್ನು ದಾಟುವಾಗ ಗಡಿ ಕಾಣಿಸಲೇ ಇಲ್ಲ. ಪೇರ್ ಹಣ್ಣು ಕಿತ್ತ ಹುಡುಗ, ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದು ಬರೆದದ್ದು ನೆನಪಿದೆಯಲ್ಲ. ಅಗಸ್ಟೀನನ ಪ್ರೀತಿಯ ಕಲ್ಪನೆಯ ಮೇಲೆ 1929ರಲ್ಲಿ ಡಾಕ್ಟರೇಟ್ ಪ್ರಬಂಧ ಪ್ರಕಟಿಸಿದ ಚಿಂತಕಿ ಹನಾ ಅರೆಂಟ್, ಮೂರು ದಶಕಗಳ ನಂತರ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ ನೋಡಿ, ಲಕ್ಷಾಂತರ ಜನರ ಸಾವನ್ನು ಏರ್ಪಾಡು ಮಾಡಿದವನಲ್ಲಿ ರಾಕ್ಷಸತನದ ಆಳವೇ ಇಲ್ಲ ಎಂದು ಬೆಚ್ಚಿದಳು. ಆ ಎರಡು ಬರಹಗಳ ನಡುವೆ ಸಂಬಂಧವಿದೆ ಎಂದು ನಾನು ನಂಬುತ್ತೇನೆ.

ವಿದ್ಯಾರ್ಥಿಗಳೆ, ಮಾರ್ಕ್ ಸ್ಟಡಕ್ ನಿಮಗೆ ದೂರದವನಲ್ಲ. ನಡೆದದ್ದೋ ಇಲ್ಲವೋ ಗೊತ್ತಿಲ್ಲದ ಗಲಭೆಯ ಸುದ್ದಿ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಮುಂದಕ್ಕೆ ಕಳಿಸದಿದ್ದರೆ ಗುಂಪಿನವರು ಏನಂದುಕೊಂಡಾರು ಎಂಬ ಸಣ್ಣ ಅಳುಕಿನಲ್ಲಿ ಬೆರಳು ಒತ್ತುತ್ತದೆ.

ಗುಂಪಿನ ಅಳುಕಿನಿಂದ ಮಾತ್ರವಲ್ಲ, ಒಳಿತಿನ ಹೆಸರಿನಲ್ಲೂ ಕೆಡುಕು ನಡೆಯುತ್ತದೆ. ಇದೇ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ 1938ರಲ್ಲಿ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಕೊಂದವರು ಯಾರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಅವರ ಊರಿನ ನೆಲದಲ್ಲಿ ನಿಂತು ನಾನು ಕೇಳಬಹುದಾದದ್ದು ಬೇರೆ. ಶಾಸನಗಳನ್ನು, ವಚ‌ನಗಳನ್ನು ಓದಿ ಬರೆದ ಮುದುಕರೊಬ್ಬರ ಮೇಲೆ ಪಿಸ್ತೂಲು ಎತ್ತುವ ಕೈ, ಕೆಟ್ಟದ್ದನ್ನು ಮಾಡುತ್ತಿದ್ದೇನೆ ಎಂದುಕೊಂಡು ಎತ್ತುತ್ತದೆಯೆ? ಯಾವುದೋ ಪವಿತ್ರವಾದದ್ದನ್ನು ಕಾಯುತ್ತಿದ್ದೇನೆ ಎಂದೇ ಅದು ನಂಬಿರುತ್ತದೆ ಎಂಬುದು ನನ್ನ ಅನುಮಾನ. ಮತ್ತಾಯನ ಸುವಾರ್ತೆಯಲ್ಲಿ ಗೋಧಿ ಮತ್ತು ಹಣಜಿಯ ಸಾಮ್ಯವಿದೆ. ಹೊಲದಲ್ಲಿ ಹಣಜಿ ಎದ್ದಾಗ ಆಳುಗಳು ಕಿತ್ತುಹಾಕಲೇ ಎನ್ನುತ್ತಾರೆ. ಯಜಮಾನ ತಡೆಯುತ್ತಾನೆ, ಕೀಳುವ ಭರದಲ್ಲಿ ಗೋಧಿಯೂ ಬಂದೀತು ಎಂದು. ಎರಡು ಸಾವಿರ ವರ್ಷಗಳಲ್ಲಿ ಕ್ರೈಸ್ತರೇ ಈ ಮಾತನ್ನು ಎಷ್ಟು ಸಲ ಮರೆತಿದ್ದಾರೋ. ಬಾಗೇವಾಡಿಯ ಬಸವಣ್ಣನವರು ಲೋಕವನ್ನು ತಿದ್ದಹೊರಟವರನ್ನು ತಮ್ಮ ಕಡೆಗೇ ತಿರುಗಿಸಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗೆಂದು ಅಗಸ್ಟೀನ್ ಹೇಳಿದ್ದೂ ಶರಣರು ಹೇಳಿದ್ದೂ ಒಂದೇ ಎಂದು ನಾನು ಅನ್ನುವುದಿಲ್ಲ. ಮೂಲಪಾಪದ ಕಲ್ಪನೆಗೆ ಶರಣರಲ್ಲಿ ಜಾಗವಿಲ್ಲ, ಕಾಯಕದ ಕಲ್ಪನೆ ಅಗಸ್ಟೀನನಲ್ಲಿ ಆ ರೂಪದಲ್ಲಿಲ್ಲ. ಎರಡನ್ನೂ ಒಂದೇ ಎಂದುಬಿಟ್ಟರೆ ಎರಡರಿಂದಲೂ ಕಲಿಯುವುದು ನಿಂತುಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಅಗಸ್ಟೀನನ ಉತ್ತರ ಎಲ್ಲಿ ಸಾಲದೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ಕೆಡುಕು ಮನಸ್ಸಿನ ಡೊಂಕು ಸರಿ. ಮನಸ್ಸೇ ಇಲ್ಲದ ಕಡೆಯಿಂದ ಬರುವ ಸಂಕಟ?

ಆರ್ಥರ್ ಕ್ಲಾರ್ಕ್‌ನ 'ದಿ ಸ್ಟಾರ್' 1955ರಲ್ಲಿ ಬಂದ, ಕೆಲವೇ ಪುಟಗಳ ಕಥೆ. ಯೇಸುಸಭೆಯ ಪಾದ್ರಿ, ಖಭೌತವಿಜ್ಞಾನಿ, ಸ್ಫೋಟಗೊಂಡ ನಕ್ಷತ್ರವೊಂದರ ಅವಶೇಷವನ್ನು ನೋಡಲು ಹೋಗಿದ್ದಾನೆ. ಆ ನಕ್ಷತ್ರದ ದೂರದ ಗ್ರಹದಲ್ಲಿ ಒಂದು ನಾಗರಿಕತೆ ತನ್ನ ಸಾವು ಖಚಿತವೆಂದು ತಿಳಿದು ಬಚ್ಚಿಟ್ಟ ನೆನಪಿನ ಕೋಠಿ ಸಿಗುತ್ತದೆ. ಚೆಲುವಾದ ಊರುಗಳು, ಸಂಗೀತ, ಕಡಲ ದಂಡೆಯಲ್ಲಿ ಆಡುವ ಮಕ್ಕಳ ಚಿತ್ರಗಳು. ಎಲ್ಲ ಬೂದಿಯಾಗಿದೆ. ಸ್ಫೋಟದ ಬೆಳಕು ಭೂಮಿಗೆ ಮುಟ್ಟಿದ ಕಾಲವನ್ನು ಪಾದ್ರಿ ಲೆಕ್ಕ ಹಾಕುತ್ತಾನೆ. ಬೆತ್ಲೆಹೇಮಿನ ಮೇಲೆ ಹೊಳೆದ ನಕ್ಷತ್ರ ಅದೇ. ಬೇರೆ ನಕ್ಷತ್ರಗಳು ಇರಲಿಲ್ಲವೆ, ಇವರನ್ನೇ ಸುಡಬೇಕಿತ್ತೆ ಎಂಬುದು ಅವನು ದೇವರಿಗೆ ಕೇಳುವ ಪ್ರಶ್ನೆ. ಬೈಬಲ್ಲಿನ ಯೋಬನ ಗ್ರಂಥದಲ್ಲಿ, ನಿರಪರಾಧಿ ಯೋಬ ನ್ಯಾಯ ಕೇಳಿದಾಗ ದೇವರು ಅವನಿಗೆ ಆಕಾಶದ ಕೃತ್ತಿಕೆಯನ್ನು ತೋರಿಸಿ, ಇವನ್ನು ಕಟ್ಟಬಲ್ಲೆಯಾ ಎಂದು ಕೇಳುತ್ತಾನೆ. ಕ್ಲಾರ್ಕ್ ಅದನ್ನು ತಿರುಗಿಸಿದ್ದಾನೆ. ಇಲ್ಲಿ ಮನುಷ್ಯನೇ ನಕ್ಷತ್ರವೊಂದನ್ನು ದೇವರಿಗೆ ತೋರಿಸುತ್ತಾನೆ. ಕ್ಲಾರ್ಕ್ ಆಸ್ತಿಕನಾಗಿರಲಿಲ್ಲ, ಆದರೆ ಅವನ ಪಾದ್ರಿ ಯೋಬನ ವಂಶದವನು. ಜಗಳ ಆಡುತ್ತಲೇ ಅವನು ದೇವರನ್ನು ಬಿಟ್ಟು ಹೋಗಿಲ್ಲ.

ಮಳೆಯ ಇಲ್ಲದಿರುವಿಕೆಯೂ ಕೊಲ್ಲುತ್ತದೆ ಎಂಬುದನ್ನು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 1791-92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದರಿಂದ ಬರಕ್ಕೆ ಆ ಹೆಸರು ಬಂತು. 1876ರಿಂದ 78ರವರೆಗಿನ ಬರದಲ್ಲಿ, ಇದು ಇನ್ನೂ ಕಲಾದಗಿ ಜಿಲ್ಲೆಯಾಗಿದ್ದಾಗ, ಊರಿಗೆ ಊರೇ ಬರಿದಾದವು. ಇದು ಯಾರ ಪಾಪದ ಫಲ ಎಂದು ಕೇಳುವ ಚಾಳಿ ಎಲ್ಲ ಧರ್ಮದವರಲ್ಲೂ ಇದೆ. ಲೂಕನ ಸುವಾರ್ತೆಯಲ್ಲಿ ಸಿಲೋವದ ಗೋಪುರ ಬಿದ್ದು 18 ಜನ ಸತ್ತ ಮಾತು ಬಂದಾಗ, ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೇನು ಎಂದು ಕೇಳಿ, ಅಲ್ಲ ಎಂದು ಯೇಸುವೇ ಉತ್ತರಿಸುತ್ತಾನೆ. ಏಕೆ ಸತ್ತರು ಎಂಬುದಕ್ಕೆ ಅಲ್ಲಿ ಬೇರೆ ವಿವರಣೆಯಿಲ್ಲ. ಆ ಮೌನ ನನಗೆ ಎಷ್ಟೋ ಪಾಂಡಿತ್ಯಪೂರ್ಣ ಸಮರ್ಥನೆಗಳಿಗಿಂತ ಪ್ರಾಮಾಣಿಕವಾಗಿ ಕಾಣುತ್ತದೆ.

ಆದರೆ 1877ರ ಬರದಲ್ಲಿ ಆಕಾಶದ ಕೈ ಎಷ್ಟು, ಮನುಷ್ಯರ ಕೈ ಎಷ್ಟು? ಮಳೆ ಬರಲಿಲ್ಲ, ಅದಕ್ಕೆ ಯಾರೂ ಹೊಣೆಯಲ್ಲ. ಧಾನ್ಯ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಬರದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ ಸಾಕು ಎಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಕೂಲಿಯನ್ನು ಇಳಿಸಿದ. ಅವನೂ ತನ್ನ ಲೆಕ್ಕದಲ್ಲಿ ಒಂದು ಒಳಿತನ್ನು, ಖಜಾನೆಯ ಹಿತವನ್ನು, ಕಾಯುತ್ತಿದ್ದ. ಕ್ಲಾರ್ಕ್‌ನ ನಕ್ಷತ್ರ, ಲೂಯಿಸ್‌ನ ವೆಸ್ಟನ್ ಇಬ್ಬರೂ ಇಲ್ಲಿ ಒಂದೇ ಹೊಲದಲ್ಲಿ ನಿಂತಿದ್ದಾರೆ. ಇವರಿಬ್ಬರನ್ನು ಕೂಡಿಸಿ ನೋಡಿದ ವಿಜ್ಞಾನ ಕಥೆಯನ್ನು ನಾನು ಇಂಗ್ಲಿಷಿನಲ್ಲೂ ಓದಿಲ್ಲ.

ಕನ್ನಡದಲ್ಲಿ ವಿಜ್ಞಾನ ಕಥೆ ಎಂದರೆ ಮೊದಲು ನೆನಪಾಗುವ ಹೆಸರು ರಾಜಶೇಖರ ಭೂಸನೂರಮಠರದು. ಅವರ ನಂತರ ಬರೆಯುವವರು ಇದ್ದಾರೆ, ಓದುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಯಾರಾದರೂ, ಬಹುಶಃ ಈ ಸಭೆಯಲ್ಲಿ ಕೂತಿರುವವರೇ, 2100ನೆಯ ಇಸವಿಯ ಸಿಂದಗಿಯನ್ನು ಬರೆಯಲಿ. ಭೀಮೆಯಲ್ಲಿ ನೀರು ಕಡಿಮೆಯಾಗಿದೆ, ಯಾವ ಹೊಲಕ್ಕೆ ಎಷ್ಟು ನೀರು ಎಂದು ತೀರ್ಮಾನಿಸುವ ಯಂತ್ರವೊಂದಿದೆ, ಅದರ ಲೆಕ್ಕ ತಪ್ಪುವುದಿಲ್ಲ, ಅದರೊಳಗೆ ಯಾರೂ ಕೆಂಪು ಚಿಪ್ ಇಟ್ಟಿಲ್ಲ. ಕೊನೆಯ ಹಳ್ಳಿಗೆ ನೀರು ಮುಟ್ಟುತ್ತಿಲ್ಲ. ಅಲ್ಲಿಯ ಹೆಣ್ಣುಮಗಳೊಬ್ಬಳು ಕಚೇರಿಗೆ ಬಂದು ಇದಕ್ಕೆ ಹೊಣೆ ಯಾರು ಎಂದು ಕೇಳುತ್ತಾಳೆ. ಕಚೇರಿಯ ಒಳಗೆ ಮಾರ್ಕ್ ಸ್ಟಡಕ್‌ನಂಥ ಒಬ್ಬ ತರುಣ ಕೂತಿದ್ದಾನೆ, ಅವನೂ ಇದೇ ಸೀಮೆಯವನು, ಅವಳ ಮುಖ ಅವನಿಗೆ ಗೊತ್ತಿದೆ. ಅವನು ಏನು ಹೇಳುತ್ತಾನೆ ಎಂಬಲ್ಲಿಂದ ಕಥೆ ಶುರುವಾಗಬೇಕು.